ಎಲ್ಲಾದಕ್ಕೂ 'ಶೇರ್' ಅಂದ್ರೆ ಯಜಮಾನ ಯಾರು?

ನಾಲ್ಕು ಜನ ಸೇರಿ ಮಾಡೋದಕ್ಕೆ, ಸೇರಿ ಇಟ್ಕೊಳ್ಳೋದಕ್ಕೆ ಇಂಗ್ಲಿಷಲ್ಲಿ ಎಷ್ಟೊಂದು ಪದ ಇದೆ ನೋಡಿ. ಜಾಯಿಂಟ್, ಕಾಮನ್, ಮ್ಯೂಚುವಲ್, ಕಲೆಕ್ಟಿವ್, ಕೋಆಪರೇಟಿವ್, ಶೇರ್ಡ್. ಕನ್ನಡದಲ್ಲಿ ಮಾತಾಡುವಾಗ್ಲೂ ದಿನಾ ಇವನ್ನೇ ಬಳಸ್ತೀವಿ, ಎಲ್ಲಾ ಹೆಚ್ಚುಕಡಿಮೆ ಒಂದೇ ಅನ್ಕೊಂಡು. ಒಂದೇ ಅಲ್ಲ. ಒಂದೊಂದರ ಹಿಂದೆ ಒಂದೊಂದು ಕರಾರು ಇದೆ, ವಸ್ತು ಯಾರದು, ತೀರ್ಮಾನ ಯಾರದು, ನಷ್ಟ ಆದ್ರೆ ಯಾರ ತಲೆ ಮೇಲೆ ಬರುತ್ತೆ ಅಂತ. ಈಗೀಗ ಇವೆಲ್ಲಾದರ ಜಾಗದಲ್ಲೂ 'ಶೇರ್' ಅನ್ನೋ ಒಂದೇ ಪದ ಬಂದು ಕೂತಿರೋದು ನಂಗೆ ಸುತರಾಂ ಸರಿ ಕಾಣ್ತಿಲ್ಲ.

ಮೊದ್ಲು ಜಾಯಿಂಟ್ ತಗೊಳ್ಳಿ. ನಮ್ಮ 'ಯೋಗ'ಕ್ಕೂ ಇದಕ್ಕೂ ಬೇರು ಒಂದೇ, ಕೂಡಿಸೋದು, ನೊಗಕ್ಕೆ ಹೂಡೋದು ಅನ್ನೋ ಅರ್ಥದ್ದು. ಸಾಲದ ಪತ್ರದಲ್ಲಿ 'ಜಾಯಿಂಟ್ ಅಂಡ್ ಸೆವೆರಲ್' ಅಂತ ಒಂದು ಸಾಲು ಇರುತ್ತೆ, ಎಷ್ಟೋ ಜನ ಓದದೇ ಸಹಿ ಹಾಕ್ತಾರೆ. ಇಲ್ಲಿ ಸೆವೆರಲ್ ಅಂದ್ರೆ 'ಹಲವರು' ಅಲ್ಲ, 'ಪ್ರತ್ಯೇಕವಾಗಿ' ಅಂತ. ಅಂದ್ರೆ ಇಬ್ಬರು ಸೇರಿ ಸಾಲ ಮಾಡಿ ಒಬ್ಬ ಕೈಎತ್ತಿದ್ರೆ, ಸಾಲ ಕೊಟ್ಟವರು ಉಳಿದ ಒಬ್ಬರ ಹತ್ರಾನೇ ಅರ್ಧ ಅಲ್ಲ, ಪೂರ್ತಿ ವಸೂಲಿ ಮಾಡಬಹುದು, ಆಮೇಲೆ ಆ ಪುಣ್ಯಾತ್ಮನ ಹಿಂದೆ ಅಲೆದು ಅವನ ಪಾಲು ಕೇಳ್ಕೊಳ್ಳೋದು ಇವರ ಹಣೆಬರಹ. ಇನ್ನು ಇಂಗ್ಲೆಂಡಿನ ಆಸ್ತಿ ಕಾನೂನಲ್ಲಿ ಗಂಡ ಹೆಂಡತಿ ಒಂದು ಮನೇನ 'ಜಾಯಿಂಟ್ ಟೆನೆಂಟ್ಸ್' ಆಗಿ ತಗೊಂಡ್ರೆ ಒಬ್ಬರು ತೀರಿಕೊಂಡಾಗ ಇಡೀ ಮನೆ ಇನ್ನೊಬ್ಬರಿಗೆ ಹೋಗುತ್ತೆ, ವಿಲ್‌ನಲ್ಲಿ ಏನೇ ಬರೆದಿದ್ರೂ. ಅದೇ ಮನೇನ 'ಟೆನೆಂಟ್ಸ್ ಇನ್ ಕಾಮನ್' ಆಗಿ ತಗೊಂಡಿದ್ರೆ ಸತ್ತವರ ಪಾಲು ಅವರ ವಾರಸುದಾರರಿಗೆ. (ಇಲ್ಲಿ ಟೆನೆಂಟ್ ಅಂದ್ರೆ ಬಾಡಿಗೆಯವರಲ್ಲ, ಮಾಲೀಕರೇ.) ಮನೆ ಅದೇ, ಇಬ್ಬರೂ ಅವರೇ, ಒಂದು ಪದ ಬದಲಾದ್ರೆ ಮಕ್ಕಳಿಗೆ ಪಾಲು ಸಿಗುತ್ತೋ ಇಲ್ವೋ ಅನ್ನೋದೇ ಬದಲಾಗುತ್ತೆ.

ಕಾಮನ್ ಅನ್ನೋ ಪದಕ್ಕಂತೂ ತುಂಬಾ ಅನ್ಯಾಯ ಆಗಿದೆ. ಕಾಮನ್ ಅಂದ್ರೆ ಯಾರದ್ದೂ ಅಲ್ಲ, ಹಂಗಾಗಿ ಹಾಳಾಗೋದೇ ಅನ್ನೋ ನಂಬಿಕೆ ಗಟ್ಟಿಯಾಗಿದ್ದು 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದ 'ಕಾಮನ್ಸ್‌ನ ದುರಂತ' ಅನ್ನೋ ಲೇಖನದಿಂದ. (ಕಾಮನ್ಸ್ ಅಂದ್ರೆ ಗೋಮಾಳದ ಥರ ಎಲ್ಲರೂ ಸೇರಿ ಬಳಸೋ ಜಾಗ, ನೀರು ಇತ್ಯಾದಿ.) ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ, ಇನ್ನೊಂದು ದನ ಅಂತ ಬಿಡ್ತಾ ಹೋಗಿ ಕೊನೆಗೆ ಹುಲ್ಲೇ ಉಳಿಯಲ್ಲ ಅನ್ನೋದು ಅವರ ವಾದ. ಆದ್ರೆ ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ನಿಜವಾದ ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿ ಕಾಲುವೆಗಳ ಕಥೆ ಕೂಡಿಸಿ ನೋಡಿದ್ರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನೋ ಬೆಟ್ಟದ ಹಳ್ಳೀಲಿ 1517ರಿಂದಲೇ ಒಂದು ನಿಯಮ ಇದೆ, ಚಳಿಗಾಲದಲ್ಲಿ ನಿನ್ನ ಮೇವಲ್ಲಿ ಎಷ್ಟು ಹಸು ಸಾಕ್ತೀಯೋ ಅಷ್ಟನ್ನೇ ಬೇಸಿಗೇಲಿ ಬೆಟ್ಟದ ಮೇಲಿನ ಹುಲ್ಲಿಗೆ ಬಿಡಬೇಕು. ಮೀರಿದ್ರೆ ದಂಡ, ದಂಡ ಹಾಕೋ ಅಧಿಕಾರಿಗೆ ಅದರಲ್ಲಿ ಅರ್ಧ! ಎಷ್ಟು ಚೆನ್ನಾಗಿ ಯೋಚಿಸಿದಾರೆ ನೋಡಿ, ಲೆಕ್ಕ ಹಾಕೋದು ಸುಲಭ, ವಂಚನೆ ಮಾಡೋದು ಕಷ್ಟ. ಈ ಕೆಲಸಕ್ಕೇ ಆಸ್ಟ್ರಮ್‌ಗೆ 2009ರಲ್ಲಿ ನೊಬೆಲ್ ಬಂತು, ಅರ್ಥಶಾಸ್ತ್ರದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಹಾರ್ಡಿನ್ ಕೂಡ ಆಮೇಲೆ, ನಾನು ಹೇಳಿದ್ದು ನಿರ್ವಹಣೆ ಇಲ್ಲದ ಕಾಮನ್ಸ್ ಬಗ್ಗೆ ಅಂತ ತಿದ್ದಿ ಬರೆದ್ರು. ಆದ್ರೆ ಜನರ ಬಾಯಲ್ಲಿ ಉಳಿದಿರೋದು ಮೊದಲನೇ ಮಾತೇ.

ಕೋಆಪರೇಟಿವ್‌ದು ಇನ್ನೂ ಸ್ಪಷ್ಟ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತೆ ಇತರ ಕಸುಬಿನವರು ಸೇರಿ ಅಂಗಡಿ ತೆಗೆದಾಗ ಹಾಕ್ಕೊಂಡ ಮುಖ್ಯ ನಿಯಮ, ಎಷ್ಟೇ ಬಂಡವಾಳ ಹಾಕಿರಲಿ, ಒಬ್ಬರಿಗೆ ಒಂದೇ ಓಟು. ಲಾಭ ಹಂಚೋದು ಯಾರು ಎಷ್ಟು ಖರೀದಿ ಮಾಡಿದಾರೆ ಅನ್ನೋದರ ಮೇಲೆ. ಮ್ಯೂಚುವಲ್ ವಿಮಾ ಸಂಸ್ಥೆ ಅಂದ್ರೂ ಹಂಗೇ, ಪಾಲಿಸಿ ತಗೊಂಡವರೇ ಅದರ ಒಡೆಯರು.

ಈಗ ಶೇರ್‌ಗೆ ಬನ್ನಿ. ಹಳೇ ಇಂಗ್ಲಿಷಲ್ಲಿ ಇದರ ಮೂಲ ಕತ್ತರಿಸೋದು. ಕತ್ತರಿಸಿ ಒಂದು ಭಾಗ ಕೊಟ್ರೆ ನನ್ನ ಹತ್ರ ಅಷ್ಟು ಕಮ್ಮಿ ಆಗುತ್ತೆ, ನಿಮಗೆ ಅಷ್ಟು ಸಿಗುತ್ತೆ, ಇಬ್ಬರಿಗೂ ಲೆಕ್ಕ ಗೊತ್ತಿರುತ್ತೆ. ಈಗ ಕಾರು ಚಾಲಕನದು, ಸಾಲ ಅವನದು, ಪೆಟ್ರೋಲು ಅವನದು, ದರ ನಿಗದಿ ಮಾತ್ರ ಆ್ಯಪ್‌ನವರದು, ಅದರ ಹೆಸರು 'ರೈಡ್ ಶೇರಿಂಗ್'. ಅಲ್ಲಿ ಹಂಚ್ಕೊಂಡಿರೋದು ಏನು? ಒಬ್ಬನಿಗೆ ಒಂದು ಓಟು ಇದೆಯಾ? ದರ ಇಳಿಸುವಾಗ ಅವನನ್ನ ಯಾರಾದ್ರೂ ಕೇಳ್ತಾರಾ? ದುಡ್ಡಿಗೆ ಕೆಲಸ ಮಾಡಿಸ್ಕೊಳ್ಳೋದು ತಪ್ಪಲ್ಲ, ಅದಕ್ಕೆ ಬಾಡಿಗೆ ಅಂತಲೋ ಕೂಲಿ ಅಂತಲೋ ಹೇಳಬೇಕು, ಆಗ ಕೂಲಿಯವನಿಗೆ ಕೇಳೋ ಹಕ್ಕು ಏನೇನಿದೆ ಅನ್ನೋ ಮಾತಾದ್ರೂ ಶುರು ಆಗುತ್ತೆ.

ಅದಕ್ಕಿಂತ ನಂಗೆ ಸಿಟ್ಟು ಬರಿಸೋದು ಆ್ಯಪ್ ಹಾಕ್ಕೊಳ್ಳುವಾಗ ಒಪ್ಪಿಗೆ ಕೇಳೋ ಪುಟ. 'ನಿಮ್ಮ ಮಾಹಿತೀನ ನಮ್ಮ ಪಾಲುದಾರರ ಜೊತೆ ಶೇರ್ ಮಾಡ್ತೀವಿ' ಅಂತ ಇರುತ್ತಲ್ಲ. ಮಾಹಿತಿ ನಂದು, ಪಾಲುದಾರರು ಅವರಿಗೆ, ನಂಗೆ ಯಾವ ಪಾಲೂ ಇಲ್ಲ, ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋ ದಾರೀನೂ ಎಷ್ಟೋ ಕಡೆ ಇರಲ್ಲ. ಅಲ್ಲಿ 'ಯಾರಿಗೆ ಕೊಡ್ತೀವಿ, ಯಾಕೆ ಕೊಡ್ತೀವಿ, ಅದಕ್ಕೆ ನಮಗೆ ದುಡ್ಡು ಬರುತ್ತಾ' ಅಂತ ಬರೆಯೋದನ್ನ ಕಾನೂನೇ ಕಡ್ಡಾಯ ಮಾಡ್ಬೇಕು, ಶೇರ್ ಅನ್ನೋ ಪದಾನ ಆ ಪುಟದಿಂದ ತೆಗೆಸ್ಬೇಕು ಅನ್ನೋದು ನನ್ನ ಅಭಿಪ್ರಾಯ.