ಸ್ವಂತ ವಿಮಾನ ಮಾರುವವರಿಗೂ ಡೀಲರ್‌ಗಳ ಕಾನೂನು ಬೇಕೇ?

ಪರ

ಇಂಗ್ಲೆಂಡಿನಲ್ಲಿ ಒಬ್ಬರು ತಮ್ಮ ಹಳೇ ಸೆಸ್ನಾ 172 ಎಂಬ ಸಣ್ಣ ವಿಮಾನವನ್ನು ಮಾರಾಟಕ್ಕಿಟ್ಟಿದ್ದಾರೆ ಅಂದುಕೊಳ್ಳಿ. ‘ಓವರ್‌ಹಾಲ್ ಆದಮೇಲೆ ಎಂಜಿನ್ ಓಡಿದ್ದು ಬರೀ 300 ಗಂಟೆ’ ಎಂದು ಜಾಹೀರಾತು. (ಓವರ್‌ಹಾಲ್ ಅಂದರೆ ಎಂಜಿನ್ ಪೂರ್ತಿ ಬಿಚ್ಚಿ, ಸರಿಮಾಡಿ ಮತ್ತೆ ಜೋಡಿಸುವುದು.) ಮಾತು ನಿಜವೇ. ಆದರೆ ಓವರ್‌ಹಾಲ್ ಆಗಿ 20 ವರ್ಷವಾಗಿದೆ. ಅದನ್ನು ಬರೆದಿಲ್ಲ.

ಇಂಥ ಎಷ್ಟೋ ವಿಮಾನಗಳಲ್ಲಿರುವ ಲೈಕಮಿಂಗ್ ಓ-320 ಎಂಜಿನ್‌ಗೆ ಮತ್ತೆ ಓವರ್‌ಹಾಲ್ ಮಾಡಿಸಲು ತಯಾರಕರು ಹೇಳುವ ಗಡುವು ಸಾಮಾನ್ಯವಾಗಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಸುಮ್ನೆ ನಿಂತ ಎಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಅದರಲ್ಲೂ ಕ್ಯಾಮ್‌ಶಾಫ್ಟ್, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆಸುವ ದಂಡ. ಸಿಲಿಂಡರ್ ಕಳಚದೆ ಅದು ಕಣ್ಣಿಗೆ ಬೀಳುವುದೇ ಕಷ್ಟ. ನೋಡಲು ಬಂದವರಿಗೆಲ್ಲ ಯಾವ ಮಾಲೀಕ ಎಂಜಿನ್ ಬಿಚ್ಚಲು ಬಿಡುತ್ತಾನೆ? ಕಾರಿಗಾದರೆ ಕಡಿಮೆ ಓಡಿದ್ದು ಒಳ್ಳೆಯದು ಅಂತೀವಿ, ಅಲ್ವಾ? ಇಲ್ಲಿ ಕಡಿಮೆ ಓಡಿದ್ದೇ ರೋಗ.

ಡೀಲರ್ ಹೀಗೆ ಮುಚ್ಚಿಟ್ಟರೆ 2024ರ ಗ್ರಾಹಕ ಕಾನೂನಿನಲ್ಲಿ ಅದು ತಪ್ಪು. ಮಾಲೀಕನೇ ಮಾರಿದರೆ ಆ ಕಾನೂನು ತಟ್ಟುವುದಿಲ್ಲ. ಸರಕಿನ ಗುಣಮಟ್ಟಕ್ಕೆ ಹೊಣೆಯೂ ವ್ಯಾಪಾರಿಗೆ ಮಾತ್ರ. ಕೊಂಡವನು ಹಾರುವುದು ಮಾತ್ರ ಅದೇ ಎಂಜಿನ್ ನಂಬಿಕೊಂಡು.

ವಿರೋಧ

ಹಾಗಂತ ಮಾಲೀಕ ಏನು ಬೇಕಾದರೂ ಬರೆಯಬಹುದು ಅಂತಲ್ಲ. 1979ರ ಸರಕು ಮಾರಾಟ ಕಾಯ್ದೆಯ 13ನೇ ಸೆಕ್ಷನ್ ಅವನಿಗೂ ಅನ್ವಯ: ಹೇಳಿದಂತೆಯೇ ಸರಕು ಇರಬೇಕು. 1967ರ ಮಿಸ್‌ರೆಪ್ರೆಸೆಂಟೇಶನ್ (ತಪ್ಪು ಹೇಳಿಕೆ) ಕಾಯ್ದೆಯೂ ಇದೆ. ಸುಳ್ಳು ನಂಬಿ ಕೊಂಡವನು ಪರಿಹಾರ ಕೇಳಬಹುದು. ಅದು ನಿಜವೆಂದು ನಂಬಲು ತನಗೆ ಸರಿಯಾದ ಕಾರಣವಿತ್ತು ಎಂದು ತೋರಿಸಬೇಕಾದವನು ಮಾರಿದವನೇ. ಅರ್ಧಸತ್ಯವನ್ನೂ ಕೋರ್ಟು ಸುಳ್ಳೆಂದು ಎಣಿಸಬಹುದು. ಹಾಗಾಗಿ ಆ 300 ಗಂಟೆಯ ಜಾಹೀರಾತೂ ಪೂರ್ತಿ ಬಚಾವಾಗುವುದಿಲ್ಲ.

ಉಳಿದದ್ದು ಬಾಯಿ ಬಿಡದೇ ಇರುವುದು. ಅದನ್ನೂ ತಪ್ಪು ಮಾಡಿದರೆ ಪೆಟ್ಟು ಯಾರಿಗೆ? ವಾರಕ್ಕೊಮ್ಮೆ ಹಾರಿಸುತ್ತಿದ್ದ ನಿವೃತ್ತ ಮನುಷ್ಯನಿಗೆ. ರೆಕ್ಕೆಯೊಳಗಿನ ತುಕ್ಕು ಅವನಿಗೇ ಗೊತ್ತಿರುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ‘ತುಂಬಾ ಚೆನ್ನಾಗಿದೆ’ ಅಂತ ಅವನು ನಂಬಿಯೇ ಬರೆಯುತ್ತಾನೆ. (ಗೊತ್ತಿದ್ದೂ ಸುಮ್ಮನಿರುವವರೂ ಇದ್ದಾರೆ. ಈ ಕಡೆ ವಾದಿಸುವಾಗ ನನಗೆ ಅಳುಕು ಅಲ್ಲೇ.)

ಆದರೆ ಹಳೇ ಬೈಕಿಗಿಲ್ಲದ ಒಂದು ಅನುಕೂಲ ವಿಮಾನಕ್ಕಿದೆ, ಲಾಗ್‌ಬುಕ್. ಹಾರಿದ ಗಂಟೆ, ಮಾಡಿಸಿದ ರಿಪೇರಿ, ತಾರೀಖು ಎಲ್ಲ ಅದರಲ್ಲಿ ಬರೆದಿರಬೇಕು. ಅದನ್ನು ಮಾರುವವನಿಗೆ ಸಂಬಂಧವಿಲ್ಲದ ಎಂಜಿನಿಯರ್ ಕೈಗೆ ಕೊಡಿ. ಪುಟ ಕಾಣೆಯಾಗಿದ್ದರೆ ಬೆಲೆ ಇಳಿಸಿ, ಇಲ್ಲವೇ ಎದ್ದು ಬನ್ನಿ. ಜೊತೆಗೆ ಒಂದು ಇಮೇಲ್ ಹಾಕಿ: ‘ಓವರ್‌ಹಾಲ್ ಆಗಿದ್ದು ಯಾವ ವರ್ಷ?’ ಉತ್ತರ ಸುಳ್ಳಾದರೆ 1967ರ ಕಾಯ್ದೆಯೇ ಸಾಕು.