ಎಲ್ಲವೂ ಸುರಕ್ಷಿತವಾಗಿದೆ, ಯಾವುದೂ ತೆರೆಯುತ್ತಿಲ್ಲ

ಸುಮ್‌ಸುಮ್ನೆ ಒಳ್ಳೆಯ ಸುದ್ದಿ ಹೇಳುವ ಸಾಫ್ಟ್‌ವೇರ್ ಕಂಡರೆ ನನಗೆ ಮೊದಲಿಂದಲೂ ಅನುಮಾನ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಆಂಟಿವೈರಸ್ಸಿನ ಒಂದು ಚೌಕ ಎದ್ದಿತು. ‘ಅಪ್‌ಡೇಟ್ ಯಶಸ್ವಿ. ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ’ ಅಂತ ಹೇಳಿ, ಹಸಿರು ಗುರುತು ತೋರಿಸಿ, ಹಾಗೇ ಮುಳುಗಿತು. ಅದಾದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮೂ ತೆರೆಯಲಿಲ್ಲ.

ತೆರೆಯಲಿಲ್ಲ ಅಂದರೆ ಎರರ್ ಬಂತು ಅಂತಲ್ಲ. ಎರರ್ ಬಂದಿದ್ದರೆ ಬೈಯುವುದಕ್ಕೆ ಎದುರಿಗೆ ಏನಾದರೂ ಇರುತ್ತಿತ್ತು. ವರ್ಡ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೌಸಿನ ಬಾಣದ ಪಕ್ಕ ನೀಲಿ ಉಂಗುರ ಒಂದು ಸುತ್ತು ಹಾಕಿ ಮಾಯ. ಅಷ್ಟೇ. ಎಕ್ಸೆಲ್ ಹಾಗೇ. ಬ್ರೌಸರ್ ಹಾಗೇ. ಪಿಡಿಎಫ್ ಓದುವ ಪ್ರೋಗ್ರಾಮ್ ಉಂಗುರವನ್ನೂ ತೋರಿಸಲಿಲ್ಲ. ಕ್ಯಾಲ್ಕುಲೇಟರ್ ಮಾತ್ರ ಟಪ್ಪನೆ ತೆರೆಯಿತು. ಹಾಳಾದ ಹೊತ್ತನ್ನು ಲೆಕ್ಕ ಹಾಕಿಕೊಳ್ಳಲಿ ಅಂತ ಇರಬೇಕು.

ತೆರೆಯದ ಐಕಾನ್ ಮೇಲೆ ಮನುಷ್ಯ ಏನು ಮಾಡುತ್ತಾನೆ? ಇನ್ನೂ ಜೋರಾಗಿ ಕ್ಲಿಕ್ ಮಾಡುತ್ತಾನೆ. ಮೌಸಿಗೆ ಜೋರು, ಮೆಲ್ಲಗೆ ಅನ್ನುವ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂತ ಎಲ್ಲರಿಗೂ ತಿಳಿದಿದೆ, ಆದರೂ ಬೆರಳು ಕೇಳಬೇಕಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ವರ್ಡ್, ವರ್ಡ್, ವರ್ಡ್ ಅಂತ ಒಂದರ ಕೆಳಗೆ ಒಂದು ಸಾಲಾಗಿ ಕೂತಿವೆ. ನಡುವೆ ಎಕ್ಸೆಲ್, ಮತ್ತೆ ವರ್ಡ್. ಸಿಪಿಯು ಕಾಲಮ್ಮಿನಲ್ಲಿ ಎಲ್ಲದರ ಮುಂದೆಯೂ ಸೊನ್ನೆ. ಒಂದೂ ಸತ್ತಿಲ್ಲ, ಒಂದೂ ಕೆಲಸ ಮಾಡುತ್ತಿಲ್ಲ. ಎಲ್ಲವೂ ಯಾರದೋ ಅಪ್ಪಣೆಗೆ ಕಾಯುತ್ತಿದ್ದವು.

ಅಣ್ಣನ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಇಂಥದ್ದರಲ್ಲಿ ತಾಳ್ಮೆ ಜಾಸ್ತಿ.

“ಚಿಕ್ಕಪ್ಪ, ಕೊನೇಲಿ ಏನಾದ್ರೂ ಬದಲಾಯ್ತಾ?”

“ಏನೂ ಇಲ್ಲಮ್ಮ. ಆಂಟಿವೈರಸ್ ಅಪ್‌ಡೇಟ್ ಆಯ್ತು, ಅಷ್ಟೇ. ಅದು ಚೆನ್ನಾಗಿದೆ. ಹಸಿರು ತೋರಿಸ್ತಿದೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಗು ತಡೆದುಕೊಳ್ಳುವುದಕ್ಕೂ ಸಮಯ ಬೇಕಲ್ವಾ.

ಆಂಟಿವೈರಸ್ ಎಲ್ಲೋ ಮೂಲೆಯಲ್ಲಿ ಕೂತು ಆಗಾಗ ಎದ್ದು ಸುತ್ತು ಹಾಕಿ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ನಾವು ಯಾವುದೇ ಫೈಲ್ ತೆರೆದರೂ ವಿಂಡೋಸ್ ಅದನ್ನು ಮೊದಲು ತನ್ನ ಒಳಗೇ ಕೂತಿರುವ ಆಂಟಿವೈರಸ್ಸಿನ ಭಾಗದ (ಅದಕ್ಕೆ ಡ್ರೈವರ್ ಅಂತ ಹೆಸರು) ಮುಂದೆ ಇಡುತ್ತದೆ. ಅದು ಹೂಂ ಅಂದಮೇಲೆ ಮುಂದಿನ ಮಾತು. ಸಾಲದ್ದಕ್ಕೆ ಎಷ್ಟೋ ಆಂಟಿವೈರಸ್‌ಗಳು ತೆರೆಯುವ ಪ್ರತಿ ಪ್ರೋಗ್ರಾಮಿನ ಒಳಗೂ ತಮ್ಮದೊಂದು ಸಣ್ಣ ತುಣುಕನ್ನು ತೂರಿಸುತ್ತವೆ. ಅಪ್‌ಡೇಟ್ ಆದಾಗ ಅರ್ಧ ಭಾಗ ಹೊಸದಾಗಿ, ಇನ್ನರ್ಧ ಹಳೆಯದೇ ಉಳಿದರೆ ಇಬ್ಬರಿಗೂ ಮಾತು ಹೊಂದುವುದಿಲ್ಲ. ಕೇಳಿದ್ದಕ್ಕೆ ಹೂಂ ಇಲ್ಲ, ಊಹೂಂ ಕೂಡ ಇಲ್ಲ. ನನ್ನ ವರ್ಡ್‌ಗಳು ನಿಂತಿದ್ದು ಅಲ್ಲೇ. ಬೇಲಿಯೇ ಎದ್ದು ಹೊಲ ಮೇಯಿತು ಅಂತಾರಲ್ಲ, ಇಲ್ಲಿ ಬೇಲಿ ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಹೊಲದ ಯಜಮಾನನನ್ನು ಒಳಗೆ ಬಿಡುತ್ತಿರಲಿಲ್ಲ, ಅಷ್ಟೇ.

“ಕ್ವಾರಂಟೈನ್ ನೋಡಿ” ಅಂದಳು. ಅಂದರೆ ಅನುಮಾನ ಬಂದ ಫೈಲುಗಳನ್ನು ಹಿಡಿದು ಕೂಡಿಹಾಕುವ ಜಾಗ. ತಪ್ಪಾಗಿ ಹಿಡಿದಿದ್ದರೆ ಅಲ್ಲಿ ಹೆಸರಿರುತ್ತದೆ, ರಿಸ್ಟೋರ್ ಒತ್ತಿದರೆ ವಾಪಸ್ ಬರುತ್ತದೆ. ನಿಜಕ್ಕೂ ಅದು ಸಂಭಾವಿತ ಫೈಲೇ ಅನ್ನುವ ಅನುಮಾನ ಇದ್ದರೆ ವೈರಸ್‌ಟೋಟಲ್ ಎಂಬ ವೆಬ್‌ಸೈಟಿಗೆ ಹಾಕಿ ನೋಡಬಹುದು. ಅಲ್ಲಿ ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಅಭಿಪ್ರಾಯ ಹೇಳುತ್ತವೆ. ಉಳಿದವೆಲ್ಲ ಸುಮ್ಮನಿದ್ದು ನಮ್ಮದೊಂದೇ ಕೂಗುತ್ತಿದ್ದರೆ ಎಡವಟ್ಟು ನಮ್ಮದರದ್ದೇ ಇರುವ ಸಾಧ್ಯತೆ ಜಾಸ್ತಿ. ನನ್ನ ಕ್ವಾರಂಟೈನ್ ಮಾತ್ರ ಖಾಲಿ. ಆಂಟಿವೈರಸ್ಸಿನ ಲೆಕ್ಕದಲ್ಲಿ ಏನೂ ಆಗಿಯೇ ಇಲ್ಲ.

ಅಷ್ಟರಲ್ಲಿ ಗೆಳೆಯರೊಬ್ಬರು ಇನ್ನೊಂದು ಆಂಟಿವೈರಸ್ ಹಾಕಿಬಿಡಿ, ಅದು ಇದನ್ನು ಸರಿಮಾಡುತ್ತದೆ ಅಂತ ಸಲಹೆ ಕೊಟ್ಟರು. ಹೊಸದನ್ನು ಹಾಕಿದಾಗ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಬೇರೆಯವುಗಳಿಗೆ ಆ ಸೌಜನ್ಯ ಇಲ್ಲ. ಒಂದು ತೆರೆಯುವ ಫೈಲನ್ನು ಇನ್ನೊಂದು ತಡೆಯುತ್ತದೆ, ಅದು ತಡೆದದ್ದನ್ನು ಇದು ಪರೀಕ್ಷೆ ಮಾಡುತ್ತದೆ. ಅಲ್ಲದೆ ಹೊಸದನ್ನು ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮ್ ತಾನೇ ಎಲ್ಲಿ ತೆರೆಯಬೇಕು?

“ಹಾಗಾದ್ರೆ ಸ್ವಲ್ಪ ಹೊತ್ತು ಆಫ್ ಮಾಡಿ ನೋಡೋಣ” ಅಂದಳು ಹುಡುಗಿ.

ಆಂಟಿವೈರಸ್ ಆಫ್ ಮಾಡುವುದು ಅಂದರೆ ಒಂದು ಸಣ್ಣ ವಿಚಾರಣೆ. ಗಡಿಯಾರದ ಪಕ್ಕದ ಐಕಾನ್ ಮೇಲೆ ಬಲ ಕ್ಲಿಕ್. ಎಷ್ಟು ಹೊತ್ತು? ಹತ್ತು ನಿಮಿಷವೋ, ಒಂದು ಗಂಟೆಯೋ, ರೀಸ್ಟಾರ್ಟ್ ಆಗುವವರೆಗೋ? ಖಚಿತವೇ? ಅಪಾಯ ಗೊತ್ತಿದೆಯೇ? ಆದರೂ ಖಚಿತವೇ? ಜಾಸ್ತಿ ಹೊತ್ತು ಬೇಡ ಅಂತ ಹುಡುಗಿ ಹೇಳಿದ್ದಕ್ಕೆ ಹತ್ತು ನಿಮಿಷ ಆರಿಸಿದೆ. ಹಸಿರು ಹೋಗಿ ಇಡೀ ಕಿಟಕಿ ಕೆಂಪಾಯಿತು. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ!’

ಆ ಕ್ಷಣವೇ ವರ್ಡ್ ತೆರೆಯಿತು. ಅದರ ಮೇಲೆ ಇನ್ನೊಂದು ವರ್ಡ್. ಅದರ ಮೇಲೆ ಎಕ್ಸೆಲ್. ಬೆಳಗಿನಿಂದ ಕ್ಲಿಕ್ ಮಾಡಿದ್ದೆಲ್ಲ ಬಾಕಿ ವಸೂಲಿಗೆ ಬಂದಂತೆ ಒಂದರ ಹಿಂದೆ ಒಂದು ಎದ್ದು ಬಂತು. ಪಿಡಿಎಫ್ ಓದುವ ಪ್ರೋಗ್ರಾಮ್ ಕೊನೆಗೆ ಬಂದು, ಅಪ್‌ಡೇಟ್ ಬೇಕೇ ಅಂತ ಕೇಳಿತು. ನನಗೆ ಬೇಕಿದ್ದ ಒಂದು ಪತ್ರವನ್ನು ಆ ಸಂತೆಯಲ್ಲಿ ಹುಡುಕಿ ಪ್ರಿಂಟ್ ಕೊಟ್ಟೆ. ಅಪಾಯದಲ್ಲಿರುವ ಕಂಪ್ಯೂಟರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ!

ಹತ್ತು ನಿಮಿಷ ಮುಗಿಯುವ ಮೊದಲೇ ಆಂಟಿವೈರಸ್ ಕಂಪನಿಯವರ ರಿಮೂವಲ್ ಟೂಲ್ ಇಳಿಸಿಕೊಂಡೆವು. ಮಾಮೂಲಿ ಅನ್‌ಇನ್‌ಸ್ಟಾಲಿಗೆ ಬಗ್ಗದಿದ್ದರೆ ಬುಡಸಮೇತ ಕೀಳುವುದಕ್ಕೆ ಅವರೇ ಕೊಡುವ ಉಪಕರಣ ಇದು. ಇಳಿದು ಮುಗಿಯುವ ಹೊತ್ತಿಗೆ ಮೂಲೆಯಲ್ಲಿ ಹಸಿರು ಚೌಕ ಎದ್ದಿತು. ‘ರಕ್ಷಣೆ ಮತ್ತೆ ಆರಂಭವಾಗಿದೆ.’ ಟೂಲ್ ಮೇಲೆ ಕ್ಲಿಕ್ ಮಾಡಿದೆ. ನೀಲಿ ಉಂಗುರ, ಒಂದು ಸುತ್ತು, ಮಾಯ.

ಹುಡುಗಿ ಯೋಚನೆಯಲ್ಲಿದ್ದಾಗ ನಾನು ಫೋನಿನಲ್ಲಿ ಆಂಟಿವೈರಸ್‌ಗಳ ಜಾತಕ ಹುಡುಕಿದೆ. ಈ ಆಟಕ್ಕೆ ದೊಡ್ಡ ಚರಿತ್ರೆಯೇ ಇದೆ. 2006ರ ಮಾರ್ಚಿನಲ್ಲಿ ಮ್ಯಾಕಫೀ ಎಂಬ ಆಂಟಿವೈರಸ್ ಕಂಪನಿಯ ಒಂದು ಅಪ್‌ಡೇಟ್ ಎಕ್ಸೆಲ್ ಪ್ರೋಗ್ರಾಮನ್ನೇ ವೈರಸ್ ಅಂತ ಹಿಡಿದಿತ್ತು. 2010ರ ಏಪ್ರಿಲ್ 21ರಂದು ಅದೇ ಕಂಪನಿಯ 5958ನೇ ನಂಬರಿನ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಮುಖ್ಯ ಫೈಲಿಗೇ ಕೈಹಾಕಿತು. ಕಂಪ್ಯೂಟರುಗಳು ತಮ್ಮಷ್ಟಕ್ಕೆ ಆರಿ ಹತ್ತಿ ಆರಿ ಹತ್ತಿ ಮಾಡತೊಡಗಿದವು. ನೆಟ್‌ವರ್ಕೂ ಹೋಗಿದ್ದರಿಂದ ಪರಿಹಾರವನ್ನು ದೂರದಿಂದಲೇ ಕಳಿಸುವ ಹಾಗಿರಲಿಲ್ಲ, ಒಂದೊಂದು ಯಂತ್ರದ ಮುಂದೆಯೂ ಯಾರಾದರೂ ಹೋಗಿ ಕೂರಬೇಕಿತ್ತು. 2023ರ ಜನವರಿ 13, ಶುಕ್ರವಾರ, ಡಿಫೆಂಡರಿನ ಒಂದು ನಿಯಮ ಎಡವಿ ಎಷ್ಟೋ ಆಫೀಸುಗಳ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನೇ ಅಳಿಸಿಹಾಕಿತು. ಪ್ರೋಗ್ರಾಮುಗಳು ಇದ್ದಲ್ಲೇ ಇದ್ದವು, ಅವುಗಳ ಹತ್ತಿರ ಹೋಗುವ ದಾರಿ ಮಾತ್ರ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 2012ರ ಸೆಪ್ಟೆಂಬರಿನ, ಸೋಫೋಸ್ ಎಂಬ ಆಂಟಿವೈರಸ್ಸಿನ ಪ್ರಸಂಗ. ಅಪ್‌ಡೇಟ್ ಮಾಡುವ ಪ್ರೋಗ್ರಾಮುಗಳನ್ನೆಲ್ಲ ಅದು ಅನುಮಾನದಿಂದ ಹಿಡಿಯತೊಡಗಿತು. ಹಿಡಿಯುತ್ತಾ ಹಿಡಿಯುತ್ತಾ ತನ್ನದೇ ಅಪ್‌ಡೇಟರನ್ನೂ ಹಿಡಿದು ಹಾಕಿತು. ತಪ್ಪು ತಿದ್ದುವ ಅಪ್‌ಡೇಟ್ ಬಂದರೂ ಅದನ್ನು ಒಳಗೆ ತರುವವನು ಆಗಲೇ ಜೈಲಿನಲ್ಲಿ. ಇಷ್ಟು ನಿಷ್ಪಕ್ಷಪಾತ ನ್ಯಾಯ ನಾನು ಬೇರೆಲ್ಲೂ ಕಂಡಿಲ್ಲ.

“ಚಿಕ್ಕಪ್ಪ, ಬೆಳಗ್ಗೆ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ ಅಂದ್ರಲ್ಲ. ಶಟ್‌ಡೌನ್ ಮಾಡಿದ್ರೋ, ರೀಸ್ಟಾರ್ಟ್ ಮಾಡಿದ್ರೋ?”

“ಎರಡೂ ಒಂದೇ ಅಲ್ವೇನಮ್ಮ?”

ಅಲ್ಲವಂತೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನುವ ಏರ್ಪಾಡಿದೆ. ಅದು ಆನ್ ಇದ್ದರೆ, ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ಪೂರ್ತಿ ಮಲಗುವುದಿಲ್ಲ. ವಿಂಡೋಸಿನ ಒಳತಿರುಳನ್ನು, ಡ್ರೈವರುಗಳ ಸಮೇತ, ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು, ಆನ್ ಮಾಡಿದಾಗ ಅದನ್ನೇ ವಾಪಸ್ ತರುತ್ತದೆ. ಬೇಗ ಶುರುವಾಗಲಿ ಅಂತ ಈ ಉಪಾಯ. ಹಾಗಾಗಿ ಮುನಿಸಿಕೊಂಡಿದ್ದ ಡ್ರೈವರ್ ಅದೇ ಮುನಿಸಿನ ಜೊತೆ ಎದ್ದು ಬರುತ್ತದೆ. ರೀಸ್ಟಾರ್ಟ್ ಹಾಗಲ್ಲ, ಎಲ್ಲವನ್ನೂ ಮೊದಲಿಂದ ಶುರು ಮಾಡುತ್ತದೆ. ಆಫ್ ಮಾಡುವುದಕ್ಕಿಂತ ರೀಸ್ಟಾರ್ಟೇ ಹೆಚ್ಚು ಆಫ್ ಅನ್ನುವುದನ್ನು ಯಾವ ಪುಣ್ಯಾತ್ಮನೂ ಆ ಬಟನ್ನಿನ ಮೇಲೆ ಬರೆದಿಲ್ಲ.

ಮೊದಲು ಆಂಟಿವೈರಸ್ಸಿನಲ್ಲಿ ಅಪ್‌ಡೇಟ್ ಇದೆಯೇ ಅಂತ ಇನ್ನೊಮ್ಮೆ ನೋಡಿಸಿದಳು. ಬೆಳಗಿನದ್ದು ಬಂದು ಕೆಲವು ಗಂಟೆ ಆಗಿತ್ತು, ಅಷ್ಟರಲ್ಲೇ ಇನ್ನೊಂದು ಬಂದು ಕೂತಿತ್ತು. ಇಂಥ ಎಡವಟ್ಟಿಗೆ ಕಂಪನಿಯವರ ಕ್ಷಮಾಪಣೆ ಬರುವುದು ಹೀಗೇ. ಮಾತಿಲ್ಲ, ಕತೆಯಿಲ್ಲ, ಇನ್ನೊಂದು ಅಪ್‌ಡೇಟ್. ಅದನ್ನು ಹಾಕಿ ರೀಸ್ಟಾರ್ಟ್ ಒತ್ತಿದೆವು. ಈ ಸಲ ಕಂಪ್ಯೂಟರ್ ಎದ್ದಾಗ ವರ್ಡ್ ಒಂದೇ ಕ್ಲಿಕ್ಕಿಗೆ ತೆರೆಯಿತು, ಒಂದೇ ತೆರೆಯಿತು.

“ಇನ್ನೊಮ್ಮೆ ಹೀಗಾಗದ ಹಾಗೆ ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್‌ಗೆ ಹಾಕಿಬಿಡ್ಲಾ? ಅದು ಯಾವುದನ್ನೂ ನೋಡೋದೇ ಬೇಡ.”

“ಬೇಡ ಚಿಕ್ಕಪ್ಪ. ಹಾಗೆ ಮಾಡೋದಾದ್ರೆ ಆಂಟಿವೈರಸ್ ಯಾಕೆ? ನಂಬಿಕೆ ಇರೋ ಒಂದೆರಡು ಪ್ರೋಗ್ರಾಮ್ ಬೇಕಾದ್ರೆ ಹಾಕಿ. ಅದೂ ತೊಂದರೆ ಆದಾಗ ಮಾತ್ರ.”

ತಿಂಗಳ ಕೊನೆಗೆ ಆಂಟಿವೈರಸ್ಸಿನಿಂದ ವರದಿ ಬಂತು. ಈ ತಿಂಗಳು ನಿಮಗಾಗಿ ನಾವು ಮಾಡಿದ ಕೆಲಸ ಅಂತ ತಲೆಬರಹ, ಬಣ್ಣದ ಗ್ರಾಫು, ಲಕ್ಷಗಟ್ಟಲೆ ಫೈಲ್ ಪರೀಕ್ಷೆ ಮಾಡಿದ ಲೆಕ್ಕ. ತಡೆಹಿಡಿದ ಅಪಾಯ: 1. ಯಾವುದಪ್ಪಾ ಅದು ಅಂತ ವಿವರ ಒತ್ತಿ ನೋಡಿದರೆ, ನಾವು ಇಳಿಸಿಕೊಂಡಿದ್ದ ಅವರದೇ ರಿಮೂವಲ್ ಟೂಲ್.

ಅಣ್ಣನ ಮಗಳಿಗೆ ಅದರ ಫೋಟೋ ಕಳಿಸಿದೆ.

“ಪಾಪ, ತನ್ನ ಜೀವ ತಾನು ಉಳಿಸ್ಕೊಂಡಿದೆ ಬಿಡಿ ಚಿಕ್ಕಪ್ಪ” ಅಂದಳು.