ಒಮೆಗಾ ಕಣದ ಲೆಕ್ಕವನ್ನೂ ಹೇಳಬೇಕಿತ್ತು

ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ (ಪ್ರೋಟಾನ್, ನ್ಯೂಟ್ರಾನ್‌ಗಳು ಕರಗಿ, ಅವುಗಳೊಳಗಿನ ಕ್ವಾರ್ಕ್‌ಗಳೂ ಅವನ್ನು ಅಂಟಿಸುವ ಗ್ಲುಆನ್‌ಗಳೂ ಬಿಡಿಯಾಗಿ ಓಡಾಡುವ ಅತಿ ಬಿಸಿ ಸ್ಥಿತಿ) ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್. ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಇಂಥ ವಿಷಯ ಕನ್ನಡದಲ್ಲಿ ಸಿಕ್ಕಿದ್ದೇ ದೊಡ್ಡ ಖುಷಿ. ಆದರೆ ‘ಸ್ಟ್ರೇಂಜ್ ಕಣಗಳು ಹೆಚ್ಚಿದವು, ಹಾಗಾಗಿ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಇತ್ತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸಾಲದು. ಯಾವ ಕ್ರಮದಲ್ಲಿ ಹೆಚ್ಚಿದವು ಅನ್ನೋದೇ ಇಲ್ಲಿ ಮುಖ್ಯ. ಡಿಕ್ಕಿ ಹೊಡೆಯುವ ನ್ಯೂಕ್ಲಿಯಸ್‌ಗಳಲ್ಲಿ ಮುಖ್ಯವಾಗಿ ಇರುವುದು ಅಪ್, ಡೌನ್ ಕ್ವಾರ್ಕ್‌ಗಳು. ಸ್ಟ್ರೇಂಜ್ ಎಂಬ ಇನ್ನೊಂದು ಬಗೆಯ ಕ್ವಾರ್ಕ್ ಡಿಕ್ಕಿಯಲ್ಲಿ ಹೊಸದಾಗಿ ಹುಟ್ಟಬೇಕು. ಗ್ಲುಆನ್‌ಗಳು ಬಿಡಿಬಿಡಿಯಾಗಿ ಓಡಾಡುವ ಬಿಸಿಯಲ್ಲಿ ಎರಡು ಗ್ಲುಆನ್ ಸೇರಿ ಸ್ಟ್ರೇಂಜ್ ಕ್ವಾರ್ಕ್ ಮತ್ತು ಅದರ ಪ್ರತಿಕಣದ ಜೋಡಿ ಬೇಗ ಹುಟ್ಟುತ್ತದೆ ಎಂದು ಭೌತವಿಜ್ಞಾನಿಗಳಾದ ರಫೆಲ್ಸ್ಕಿ ಮತ್ತು ಮ್ಯೂಲರ್ 1982ರಲ್ಲೇ ಹೇಳಿದ್ದರು. ಹಾಗಾದರೆ ಮೂರು ಕ್ವಾರ್ಕ್‌ಗಳಿಂದಾದ ಕಣಗಳಲ್ಲಿ, ಒಂದು ಸ್ಟ್ರೇಂಜ್ ಇರುವ ಲ್ಯಾಂಬ್ಡಾಗಿಂತ ಎರಡಿರುವ ಕ್ಸೈ, ಅದಕ್ಕಿಂತಲೂ ಮೂರೂ ಸ್ಟ್ರೇಂಜೇ ಆಗಿರುವ ಒಮೆಗಾ ಹೆಚ್ಚು ಏರಬೇಕು. ಜಿನೀವಾ ಬಳಿಯ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿದಾಗ ಆಗಿದ್ದೂ ಅದೇ. ಪ್ರೋಟಾನ್-ಬೆರಿಲಿಯಂ ಡಿಕ್ಕಿಗೆ ಹೋಲಿಸಿದರೆ, ಪಾಲ್ಗೊಂಡ ಪ್ರತಿ ನ್ಯೂಕ್ಲಿಯಾನ್ (ಪ್ರೋಟಾನ್ ಅಥವಾ ನ್ಯೂಟ್ರಾನ್) ಲೆಕ್ಕದಲ್ಲಿ, ಒಮೆಗಾ ಸುಮಾರು 20 ಪಟ್ಟು! ಇದನ್ನು ಬಿಡಬಾರದಿತ್ತು.

ಇನ್ನೊಂದು ಮಾತು. 2017ರಲ್ಲಿ ಸರ್ನ್‌ನದೇ ಆಲಿಸ್ ಪ್ರಯೋಗದ ತಂಡ, ತುಂಬಾ ಕಣ ಹೊಮ್ಮುವ ಪ್ರೋಟಾನ್-ಪ್ರೋಟಾನ್ ಡಿಕ್ಕಿಗಳಲ್ಲೂ ಇಂಥದೇ ಏರಿಕೆ ಕಂಡಿದ್ದನ್ನು ಪ್ರಕಟಿಸಿತು. ಅಷ್ಟು ಪುಟ್ಟ ಜಾಗದಲ್ಲೂ ಪ್ಲಾಸ್ಮಾ ಆಗುತ್ತದಾ, ಇಲ್ಲಾ ಬೇರೆ ಕಾರಣವಾ? ದಯವಿಟ್ಟು ಮುಂದಿನ ಲೇಖನ ಇದರ ಮೇಲೇ ಬರೆಯಿರಿ, ನಮ್ಮ ಮಕ್ಕಳಿಗೆ ಓದಿಸುತ್ತೇನೆ.